ಶ್ರೀರಂಗಪಟ್ಟಣದ ಕಮಾನು ಮತ್ತು ಅದನ್ನು ಕಟ್ಟಿದವನು



ನಮ್ಮ ಪಠ್ಯಪುಸ್ತಕಗಳ ಪಾಲಿಗೆ ಶ್ರೀರಂಗಪಟ್ಟಣದ ಚರಿತ್ರೆ 1799ರ ಮೇ 4ರಂದು ಮುಗಿದುಹೋಗುತ್ತದೆ. ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಮಡಿದ, ಪಾಠ ಮುಗಿಯಿತು. ತರಗತಿಯಲ್ಲಿ ನಾನೂ ಅಷ್ಟನ್ನೇ ಬೋಧಿಸಬೇಕಾಗಿತ್ತು. ಪಠ್ಯಕ್ರಮದಲ್ಲಿ ಎಡೆ ಸಿಗದ ಒಬ್ಬ ಎಂಜಿನಿಯರನ ಕಥೆಯನ್ನು ಈಗ ಬಿಡುವಾಗಿ ಹೇಳುತ್ತೇನೆ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರಗಳ ಹಳ್ಳಿಗಳಿಂದ ಹೊರಟು ಹೊರದೇಶಗಳಲ್ಲಿ ಎಂಜಿನಿಯರುಗಳಾಗಿ ಸಂಸಾರ ಹೂಡಿರುವ ನಿಮ್ಮಲ್ಲಿ ಹಲವರಿಗೆ ಅವನ ಬಾಳು ಅಪರಿಚಿತವೆನಿಸಲಾರದು.

ಅವನ ಹೆಸರು ಥಾಮಸ್ ಫಿಯೊಟ್ ಡಿ ಹ್ಯಾವಿಲ್ಯಾಂಡ್. ಫ್ರಾನ್ಸಿನ ಕರಾವಳಿಗೆ ಸಮೀಪದ ಗರ್ನ್‌ಸಿ ಎಂಬ ಪುಟ್ಟ ದ್ವೀಪದಲ್ಲಿ 1775ರಲ್ಲಿ ಹುಟ್ಟಿದವನು. ಹರೆಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಎಂಜಿನಿಯರುಗಳ ದಳವನ್ನು ಸೇರಿದನು. ಸಮುದ್ರ ಸುತ್ತಿದ ದ್ವೀಪದಿಂದ ಹೊರಟವನು ಕಾವೇರಿ ಸುತ್ತಿದ ದ್ವೀಪಕ್ಕೆ ಬಂದು ಮನೆ ಮಾಡಿದನು. ಗೆದ್ದವರ ಸೈನ್ಯದವನು ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೆ ಅವನ ಮನಸ್ಸು ನೆಟ್ಟದ್ದು ಇಟ್ಟಿಗೆ ಗಾರೆಗಳಲ್ಲಿ.

ಆ ಹೊತ್ತಿಗೆ ದಿವಾನ್ ಪೂರ್ಣಯ್ಯನವರು ಇಲ್ಲಿ ಕಾವೇರಿಗೆ ವೆಲ್ಲೆಸ್ಲಿ ಸೇತುವೆಯನ್ನು ಕಟ್ಟಿಸಿದ್ದರು. 1804ರಲ್ಲಿ ಪೂರ್ಣಗೊಂಡ ಅದು ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ ಹಾಸಿದ, ನಮ್ಮ ನಾಡಿನ ರೀತಿಯ ರಚನೆ. ಚಪ್ಪಡಿಯ ಉದ್ದಕ್ಕೆ ಮಿತಿಯಿರುವುದರಿಂದ ನದಿಯಲ್ಲಿ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕಾಗುತ್ತದೆ. ಕೇವಲ ಐದು ಕಮಾನುಗಳಲ್ಲಿ ಕಾವೇರಿಯನ್ನು ದಾಟಬಹುದೆಂದು ಡಿ ಹ್ಯಾವಿಲ್ಯಾಂಡ್ ಯೋಚಿಸಿದನು. ಅಷ್ಟು ಅಗಲದ ಇಟ್ಟಿಗೆಯ ಕಮಾನು ನಿಲ್ಲಲಾರದೆಂದು ಮೇಲಿನವರು ಒಪ್ಪಲಿಲ್ಲ.

ಆತ ವಾದಕ್ಕೆ ನಿಲ್ಲಲಿಲ್ಲ. 1808ರಲ್ಲಿ ತನ್ನ ಮನೆಯ ತೋಟದಲ್ಲಿಯೇ ಅಂತಹ ಒಂದು ಕಮಾನನ್ನು ಕಟ್ಟಿ ನಿಲ್ಲಿಸಿದನು. ಅದರ ಅಗಲ ಸುಮಾರು 112 ಅಡಿ, ಏರು ಸುಮಾರು 11 ಅಡಿ ಮಾತ್ರ. ಕಮಾನು ಚಪ್ಪಟೆಯಾದಷ್ಟೂ ಅದು ಎರಡು ಬದಿಯ ಆಧಾರಗಳನ್ನು ಹೆಚ್ಚು ಬಲದಿಂದ ಹೊರಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಆಧಾರಗಳು ಸರಿದರೆ ನಡುಭಾಗ ಕುಸಿಯುತ್ತದೆ. ಇದು ಕುಸಿಯಲಿಲ್ಲ. ಅದರ ನೆತ್ತಿಯ ಮೇಲೆ ನಿಂತು ಕುಪ್ಪಳಿಸಿದರೆ ಕಂಪಿಸುತ್ತಿತ್ತಂತೆ, ಆದರೂ ಬೀಳಲಿಲ್ಲ. ಐದು ಕಮಾನಿನ ಸೇತುವೆ ಮಾತ್ರ ಎಂದೂ ಆಗಲಿಲ್ಲ.

ಅದೇ 1808ರಲ್ಲಿ ಅವನು ತನ್ನ ದ್ವೀಪದ ಮನೆತನದವಳೇ ಆದ ಎಲಿಜಬೆತ್ ಡಿ ಸಾಮರೆಜ್‌ಳನ್ನು ಮದುವೆಯಾದನು. ಸಂಸಾರ ನೆಲೆಗೊಳ್ಳುವ ಮುನ್ನವೇ, 1809ರಲ್ಲಿ, ಮದರಾಸು ಸೈನ್ಯದ ಆಂಗ್ಲ ಅಧಿಕಾರಿಗಳು ತಮ್ಮ ಸರ್ಕಾರದ ವಿರುದ್ಧವೇ ಬಂಡೆದ್ದರು. ಶ್ರೀರಂಗಪಟ್ಟಣದ ಕೋಟೆ ಆ ಬಂಡಾಯದ ಒಂದು ಕೇಂದ್ರವಾಯಿತು. ಅದರಲ್ಲಿ ಸಿಲುಕಿದ ಡಿ ಹ್ಯಾವಿಲ್ಯಾಂಡ್ ಕೆಲಸ ಕಳೆದುಕೊಂಡನು. ಮರಳಿ ಸೇವೆಗೆ ಸೇರಿದ್ದು 1812ರಲ್ಲಿ.

ಬಳಿಕ ಮದರಾಸಿನಲ್ಲಿ ಅವನ ಕೈಗೆ ದೊಡ್ಡ ಕೆಲಸಗಳು ಬಂದವು. 1816ರಲ್ಲಿ ಪ್ರತಿಷ್ಠಾಪನೆಗೊಂಡ ಸೇಂಟ್ ಜಾರ್ಜ್ ಚರ್ಚಿನ ನಿರ್ಮಾಣದ ಹೊಣೆ ಅವನದು. ಎರಡು ವರ್ಷಗಳಲ್ಲಿ, 1818ರಲ್ಲಿ, ಎಲಿಜಬೆತ್ ತೀರಿಕೊಂಡಳು. ಆ ಚರ್ಚಿನ ಅಂಗಳದ ಸ್ಮಶಾನದಲ್ಲಿ ಮೊದಲು ಮಣ್ಣಾದವಳು ಅವಳೇ. ಊರಿನವರಿಗಾಗಿ ಕಟ್ಟಿದ ಗುಡಿಯ ಮಗ್ಗುಲಲ್ಲಿ ತನ್ನ ಮಡದಿಗೇ ಮೊದಲ ಕುಣಿ ತೋಡಿಸಬೇಕಾದವನ ಸಂಕಟವನ್ನು ಯಾವ ದಾಖಲೆ ತಾನೇ ಹಿಡಿದಿಟ್ಟೀತು? ಅದೇ ವರ್ಷ ಆತ ಸೇಂಟ್ ಆಂಡ್ರೂಸ್ ಚರ್ಚಿನ ಕೆಲಸವನ್ನು ಆರಂಭಿಸಿದನು. ಮೆದು ನೆಲದಲ್ಲಿ ಸುಟ್ಟ ಮಣ್ಣಿನ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ತಳಪಾಯ ಹಾಕಿ, ಹದಿನಾರು ಕಂಬಗಳ ಮೇಲೆ ದುಂಡನೆಯ ಗುಮ್ಮಟವನ್ನು ನಿಲ್ಲಿಸಿದನು. 1821ರಲ್ಲಿ ಪ್ರತಿಷ್ಠಾಪನೆಗೊಂಡ ಆ ಕಟ್ಟಡ ಇಂದಿಗೂ ಗಟ್ಟಿಯಾಗಿದೆ. ಆತ ಮಾತ್ರ ಹುಟ್ಟೂರಿಗೆ ಮರಳಿ, ದೀರ್ಘಕಾಲ ಬಾಳಿ, 1866ರಲ್ಲಿ ಕಣ್ಮುಚ್ಚಿದನು.

ತೋಟದ ಕಮಾನು ಒಂದೇ ಒಂದು ಗಾಡಿಯನ್ನೂ ದಾಟಿಸದೆ ಸುಮಾರು 130 ವರ್ಷ ನಿಂತಿತ್ತು. 1930ರ ದಶಕದಲ್ಲಿ ಅದು ಕುಸಿದುಬಿತ್ತು. ಈಗ ಉಳಿದಿರುವುದು ಎರಡು ಬದಿಯ ಆಧಾರಗಳ ಅವಶೇಷ ಮಾತ್ರ. ದರಿಯಾ ದೌಲತ್ತಿಗೆ, ಸಂಗಮಕ್ಕೆ ಹೋಗುವ ಪ್ರವಾಸಿಗರಲ್ಲಿ ಅತ್ತ ಹೊರಳುವವರು ವಿರಳ.

ಮುಂದಿನ ಸಲ ರಜೆಗೆ ಬಂದಾಗ ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯಿರಿ. ಒಂದು ಆಧಾರದ ಬಳಿ ನೀವು ನಿಂತು, ಇನ್ನೊಂದರ ಬಳಿಗೆ ಮಕ್ಕಳನ್ನು ಹೆಜ್ಜೆ ಎಣಿಸುತ್ತ ನಡೆಯಲು ಹೇಳಿ. ನಡುವಿನ ಬಯಲು ಎಷ್ಟು ಅಗಲವೆಂದು ಅವರೇ ಅಳೆದು ತಿಳಿಯಲಿ. ಮಿಕ್ಕ ಕಥೆಯನ್ನು ನೀವು ಹೇಳಿ.