ಬಸುರಿ, ಬಾಣಂತಿ: ಆಸ್ಪತ್ರೆಯ ಮಾತ್ರೆಯೊಂದಿಗೆ ಮನೆಯ ಮದ್ದು

ಮುಂಬೈಯ ಕನ್ನಡ ಮನೆಗಳಲ್ಲಿ ಹೆರಿಗೆ ಪರೇಲಿನ ವಾಡಿಯಾದಲ್ಲೋ ಸಯಾನ್ ಆಸ್ಪತ್ರೆಯಲ್ಲೋ ಆದರೂ ಬಾಣಂತನ ಊರಿನಿಂದ ಬಂದ ಅಮ್ಮನದೇ. ಎರಡೂ ಒಟ್ಟಿಗೆ ನಡೆಯಬಹುದು. ಆದರೆ ನೀವು ತೆಗೆದುಕೊಳ್ಳುವ ಕಷಾಯ, ಲೇಹ್ಯ ವೈದ್ಯರಿಗೆ ಗೊತ್ತಿರಬೇಕು. ಬೈದಾರೆಂದು ಮುಚ್ಚಿಡಬೇಡಿ, ಡಬ್ಬಿಯನ್ನೇ ಒಯ್ದು ತೋರಿಸಿ.

ಕೆಲವು ಭಸ್ಮ, ಗುಳಿಗೆಗಳಲ್ಲಿ ಸೀಸ, ಪಾದರಸ ಇರುತ್ತವೆ. 2011–12ರಲ್ಲಿ ನ್ಯೂಯಾರ್ಕ್‌ನಲ್ಲಿ 6 ಗರ್ಭಿಣಿಯರ ರಕ್ತದಲ್ಲಿ ಸೀಸದ ಪ್ರಮಾಣ ಏರಿತ್ತು. ಎಲ್ಲರೂ ಭಾರತದಿಂದ ಬಂದ ಆಯುರ್ವೇದ ಔಷಧಿ ಸೇವಿಸಿದ್ದರು. ತಾಯಿಯ ರಕ್ತದಲ್ಲಿನ ಸೀಸ ಹೊಟ್ಟೆಯ ಮಗುವನ್ನೂ ಸೇರುತ್ತದೆ.

ಲೇಹ್ಯ ತಿನ್ನುತ್ತಿದ್ದೇನೆಂದು ಕಬ್ಬಿಣಾಂಶದ ಮಾತ್ರೆ ಬಿಡಬೇಡಿ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ. ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಬೇಡ.

ಎಣ್ಣೆ ಮಾಲೀಸು ಹಿತವೇ. ಸಿಸೇರಿಯನ್ ಆಗಿದ್ದರೆ ಗಾಯ ಮಾಯುವವರೆಗೆ ಹೊಟ್ಟೆಗೆ ಬೇಡ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಬಿಡಿ, ಬಾಯಾರಿದಷ್ಟು ಕುಡಿಯಲಿ. ಮಗುವಿಗೆ 6 ತಿಂಗಳು ಎದೆಹಾಲು ಮತ್ತು ವೈದ್ಯರು ಬರೆದುಕೊಟ್ಟ ಔಷಧಿ ಮಾತ್ರ. ಬಜೆ, ಜಾಯಿಕಾಯಿ ತೇಯ್ದ ಘುಟ್ಟಿ ಬೇಡ. ಜೇನನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬೇಡಿ. ಅಮ್ಮ ಒಪ್ಪದಿದ್ದರೆ ಮುಂದಿನ ತಪಾಸಣೆಗೆ ಅವರನ್ನೂ ಕರೆದೊಯ್ಯಿರಿ, ವೈದ್ಯರೇ ಹೇಳಲಿ.

ಹೆಚ್ಚು ರಕ್ತಸ್ರಾವ, ಜ್ವರ, ಕಣ್ಣು ಮಂಜಾಗಿಸುವ ತಲೆನೋವು ಬಂದರೆ ಕಷಾಯ ಕಾಯಿಸುತ್ತ ಕೂರದೆ 108ಕ್ಕೆ ಕರೆ ಮಾಡಿ.