ಒಂದೇ ಡ್ರಿಪ್, ಎರಡು ವರದಿ

ಕಲಬೆರಕೆ ಮದ್ದಿನ ಬಗ್ಗೆ ಚೋಪ್ರಾ ಸಮಿತಿ ೧೯೩೧ರಲ್ಲೇ ಎಚ್ಚರಿಸಿತ್ತು. ಬ್ರಿಟಿಷ್ ಇಂಡಿಯಾಕ್ಕೆ ಔಷಧ ಕಾಯ್ದೆ ಬಂದಿದ್ದು ೧೯೪೦ರಲ್ಲಿ. ನಮ್ಮ ಗುರುಗುಂಟಾ ಆಗ ನಿಜಾಮರ ಸೀಮೆ, ಕಾಯ್ದೆ ಇತ್ತ ಬರಲಿಲ್ಲ.

ಈಗ ಕಾಯ್ದೆ ಇದೆ. ಆದರೂ ೨೦೨೪ರ ಅಕ್ಟೋಬರಿನಲ್ಲಿ ಪಕ್ಕದ ಸಿಂಧನೂರಿನಲ್ಲಿ ನಾಲ್ವರು ಬಾಣಂತಿಯರು ಹೋದರು. ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಉಳಿಯಲಿಲ್ಲ. ಅನುಮಾನ ಬಿದ್ದಿದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಮೇಲೆ. ಅದನ್ನು ತಯಾರಿಸಿದ ಪಶ್ಚಿಮ ಬಂಗಾಳದ ಕಂಪನಿಯ ಹಲವು ಬ್ಯಾಚು ಸರಿಯಿಲ್ಲ ಅಂತ ರಾಜ್ಯದ ಲ್ಯಾಬು ಮೊದಲೇ ಹೇಳಿತ್ತು. ಅವುಗಳಲ್ಲಿ ಕೆಲವು ಸರಿಯಿವೆ ಅಂತ ಕೇಂದ್ರದ ಲ್ಯಾಬು ಹೇಳಿತು. ೨೫ನೇ ಕಲಮಿನ ಪ್ರಕಾರ ಕೇಂದ್ರದ್ದೇ ಅಂತಿಮ. ತಡೆಹಿಡಿದ ಸರಕಿಗೆ ಮತ್ತೆ ದಾರಿಯಾಯಿತು. ಸಾವುಗಳ ನಂತರ ಔಷಧ ನಿಯಂತ್ರಕರ ಅಮಾನತು, ಕಂಪನಿ ಕಪ್ಪುಪಟ್ಟಿಗೆ.

ನನ್ನ ತಕರಾರು ಇಷ್ಟೇ. 'ಅಂತಿಮ' ಅನ್ನೋದು ಕೋರ್ಟಿಗೆ ಇರಲಿ. ಒಂದು ಲ್ಯಾಬು ಬೇಡ ಅಂದಮೇಲೆ ಆ ಕಂಪನಿಯ ಬಾಟಲಿ ಗೋದಾಮಿನಲ್ಲೇ ಇರಬೇಕು. ಹೆರಿಗೆಗೆ ಬಂದವಳು ಬ್ಯಾಚ್ ನಂಬರ್ ನೋಡುತ್ತಾಳೆಯೇ, ನೀವೇ ಹೇಳಿ...