ಕವಚ ಮೀನುಗಳ ಪಳೆಯುಳಿಕೆ ಹಾಗೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಭಾಗದ ಶಿಲೆಗಳು

ಮೇಲ್ಕಂಡ ಪ್ರದೇಶಗಳಲ್ಲಿ ಬಾವಿ ತೋಡುವಾಗ ಅಥವಾ ಕಲ್ಲು ತೆಗೆಯುವಾಗ ಮೀನಿನ ಹುರುಪೆಯನ್ನು ಹೋಲುವ ಹೊಳಪಿನ ಚೂರುಗಳು ಕಂಡುಬರುವುದುಂಟು. ಇವನ್ನು ಪುರಾತನ ಮೀನಿನ ಅವಶೇಷವೆಂದು ಭಾವಿಸಿ ಹಣ ಕೊಟ್ಟು ಕೊಳ್ಳುವ ಮುನ್ನ ಸಾರ್ವಜನಿಕರು ಈ ಕೆಳಗಿನ ಮಾಹಿತಿಯನ್ನು ಗಮನಿಸುವುದು ಸೂಕ್ತ.

ಪ್ಲಾಕೋಡರ್ಮ್ ಎಂದು ಕರೆಯಲಾಗುವ ಕವಚ ಮೀನುಗಳು ಮುಖ್ಯವಾಗಿ ಡೆವೋನಿಯನ್ ಕಾಲದಲ್ಲಿ, ಅಂದರೆ ಸುಮಾರು 42ರಿಂದ 36 ಕೋಟಿ ವರ್ಷಗಳ ಹಿಂದೆ ಬದುಕಿದ್ದವು. ತಲೆ ಮತ್ತು ಎದೆಯ ಭಾಗವನ್ನು ಮೂಳೆಯ ಫಲಕಗಳು ಆವರಿಸಿದ್ದವು. ದೇಹದ ಹಿಂಭಾಗ ಮೃದ್ವಸ್ಥಿಯದಾದುದರಿಂದ ಅದು ಶಿಲೆಯಲ್ಲಿ ಉಳಿಯುವುದು ಅಪರೂಪ. ಅಮೆರಿಕದ ಓಹಿಯೋದಲ್ಲಿ ದೊರೆತ ಡಂಕ್ಲಿಯೋಸ್ಟಿಯಸ್ ಇದಕ್ಕೆ ನಿದರ್ಶನ. ಈ ಮೀನಿನ ಉದ್ದ 8 ಮೀಟರಿಗೂ ಮಿಗಿಲೆಂದು ಬಹುಕಾಲ ನಂಬಲಾಗಿತ್ತು. 2023ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ಸುಮಾರು 4 ಮೀಟರಿಗೆ ಇಳಿಸಿತು. ಸಾಕ್ಷ್ಯ ಅಪೂರ್ಣವಿದ್ದಲ್ಲಿ ಅಂದಾಜು ಎಷ್ಟರ ಮಟ್ಟಿಗೆ ತಪ್ಪಬಹುದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಭಾಗದ ನೆಲದಡಿಯ ಬಹುಪಾಲು ಶಿಲೆಗಳು ಇದಕ್ಕಿಂತ ಬಹಳ ಹಳೆಯವು. ಸರಗೂರಿನ ಹೆಸರನ್ನೇ ಪಡೆದಿರುವ ಸರಗೂರು ಶಿಲಾ ಸಮೂಹದ ವಯಸ್ಸು 300 ಕೋಟಿ ವರ್ಷಗಳಿಗೂ ಹೆಚ್ಚು. ಆಗ ಮೀನಾಗಲಿ, ಮೂಳೆಯುಳ್ಳ ಬೇರಾವ ಪ್ರಾಣಿಯಾಗಲಿ ಇರಲಿಲ್ಲ. ಆನಂತರ ಭೂಗರ್ಭದ ಶಾಖ ಹಾಗೂ ಒತ್ತಡಗಳಿಂದ ಈ ಶಿಲೆಗಳು ರೂಪಾಂತರ ಹೊಂದಿವೆ. ಹುರುಪೆಯಂತೆ ಹೊಳೆಯುವುದು ಸಾಮಾನ್ಯವಾಗಿ ಕಾಗೆಬಂಗಾರ. ಉಗುರಿನಿಂದ ಕೆರೆದರೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಕಲ್ಲಿನ ಮೇಲೆ ಕವಲೊಡೆದ ಗಿಡದಂತೆ ಕಾಣುವ ಕಪ್ಪು ಗೆರೆಗಳು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳಿಂದ ಮೂಡಿದವು.

ಗಟ್ಟಿ ಹುರುಪೆಯ ಪ್ರಾಚೀನ ಮೀನುಗಳನ್ನು ನೋಡಬೇಕಾದರೆ ಗೋದಾವರಿ ಕಣಿವೆಗೆ ಹೋಗಬೇಕು. ಪ್ರಾಣಹಿತಾ ನದಿಯ ಬಳಿಯ ಕೋಟಾ ಶಿಲಾಸ್ತರಗಳಲ್ಲಿ ಜುರಾಸಿಕ್ ಕಾಲದ ಲೆಪಿಡೋಟಿಸ್ ಡೆಕ್ಕನೆನ್ಸಿಸ್ ದೊರೆತಿದ್ದು, 1851ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಇದು ಪ್ಲಾಕೋಡರ್ಮ್ ಅಲ್ಲ. ಇದರ ರಕ್ಷಣೆಗಿದ್ದುದು ಮೂಳೆಯ ಫಲಕಗಳಲ್ಲ, ದಂತಕವಚದಂತೆ ಹೊಳೆಯುವ ದಪ್ಪ ಹುರುಪೆಗಳು.

ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ನದಿಗಳ ದಡದ ಮೆಕ್ಕಲು ಮಣ್ಣು ಮಾತ್ರ ಈಚಿನದು. ಅಲ್ಲಿ ಹಳೆಯ ಮೂಳೆಗಳು ಕಂಡುಬಂದಲ್ಲಿ ಕೀಳದೆ, ತೊಳೆಯದೆ, ಅಳತೆಗಾಗಿ ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು ಛಾಯಾಚಿತ್ರ ತೆಗೆಯತಕ್ಕದ್ದು. ಗ್ರಾಮದ ಹೆಸರು, ಸರ್ವೆ ನಂಬರು ಹಾಗೂ ನೆಲಮಟ್ಟದಿಂದ ಆಳವನ್ನು ಬರೆದಿಟ್ಟುಕೊಂಡು ಭೂವಿಜ್ಞಾನಿಗಳಿಗೆ ತೋರಿಸಬಹುದು. ಯಾವ ಪದರದಿಂದ ಬಂದುದೆಂಬುದು ತಿಳಿಯದ ಮೂಳೆಯ ಕಾಲವನ್ನು ನಿರ್ಧರಿಸುವುದು ಬಲು ಕಷ್ಟ.